ಐದು ಎಂಎಲ್

ನಾಲ್ಕೂವರೆಗೆ ಸೀಗೆಹಟ್ಟಿಗೆ ನೀರು ಬಿಡುತ್ತೇನೆ.
ಎದೆಮಟ್ಟದ ಕಬ್ಬಿಣದ ಕೀಲಿ ಗುಂಡಿಗಿಳಿಸಿ
ಹದಿನಾಲ್ಕು ಸುತ್ತು.
ಮಣ್ಣಿನಡಿ ತುಂಗೆ ಎದ್ದು ಓಡುವ ಸದ್ದು
ಅಂಗಾಲಿಗೆ ಮೊದಲು ಕೇಳುತ್ತದೆ, ಕಿವಿಗೆ ಆಮೇಲೆ.

ಆರಕ್ಕೆ ಮನೆಗೆ ಬಂದು
ಮೊಣಕೈವರೆಗೆ ಮೂರು ಸಲ ಸೋಪು ಹಚ್ಚಿ ತೊಳೆದು
ಮಗಳ ಪಕ್ಕೆಯ ನಳಿಗೆಗೆ ಐದು ಎಂಎಲ್ ಸಲೈನು.
ನಿಧಾನ, ಅಂದಿದ್ದಾರೆ. ತಡೆದರೆ ಒತ್ತಬಾರದು.
ಲಕ್ಷ ಲೀಟರಿಗೆ ನಡುಗದ ಕೈ
ಈ ಐದಕ್ಕೆ ನಡುಗುತ್ತದೆ.

ಲಿವರ್ ಅವಳಮ್ಮನದು. ಕಾಲು ಭಾಗ.
ನನ್ನದರಲ್ಲಿ ಕೊಬ್ಬು ಜಾಸ್ತಿ, ಬೇಡವೆಂದರು.
ಸುನಂದೆಯ ಹೊಟ್ಟೆಯಲ್ಲಿ ಉಳಿದದ್ದು ಮತ್ತೆ ಬೆಳೆದುಕೊಂಡಿತು
ಬೋಳಿಸಿದ ಕರಿಬೇವಿನ ಗಿಡದ ಹಾಗೆ.
ಮಗಳೊಳಗೂ ಬೇರು ಹಿಡಿಯಿತು, ರಕ್ತ ಒಪ್ಪಿತು.
ಏಳು ತಿಂಗಳು ಮೌಲ್ಯ
ಒಂದನೇ ಕ್ಲಾಸಿನ ಬೆಂಚಿನಲ್ಲಿ ಕೂತು ಜಗಳವಾಡಿ ಬಂದಳು.

ಆಮೇಲೆ ತುರಿಕೆ.
ಬಾಚಣಿಗೆಯಿಂದ ಕೆರೆದುಕೊಂಡಳು, ಕಿಟಕಿಯ ಸರಳಿಗೆ ಬೆನ್ನು ಉಜ್ಜಿದಳು.
ಉಗುರು ಕತ್ತರಿಸಿ, ಅಂಗೈಗೆ ಕಾಲುಚೀಲ ಕಟ್ಟಿ ಮಲಗಿಸಿದೆವು.
ಕಕ್ಕಸು ಸುಣ್ಣದುಂಡೆ. ಉಚ್ಚೆ ಡಿಕಾಕ್ಷನ್.
ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ, ಸುಳ್ಳು.
ಕಾಮಾಲೆ ಇದ್ದದ್ದು ಅವಳ ಕಣ್ಣಲ್ಲಿ;
ಲೋಕ ಹಳದಿಯಾದದ್ದು ನನಗೆ.

ಪಕ್ಕದ ಮನೆಯ ಜುಲೇಖಾಬಿ
ಹೊಸನಗರದ ಕಡೆಯ ಬೇರು ತಂದಳು,
ಮಜ್ಜಿಗೆಯಲ್ಲಿ ತೇದು ಮೂರು ದಿನ.
ಸುನಂದೆ ಅದನ್ನು ದೇವರ ಗೂಡಿನಲ್ಲಿಟ್ಟಳು.
ಕೊಡಲಿಲ್ಲ. ಎಸೆಯಲೂ ಇಲ್ಲ.

ಡಾಕ್ಟರು ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ಹೊಲಿಗೆ ಹಾಕಿದಲ್ಲಿ ಗಾಯ ಮಾಯುತ್ತ ಮಾಯುತ್ತ
ಪಿತ್ತದ ನಾಳವನ್ನೇ ಬಿಗಿದುಕೊಂಡಿದೆ.
"ನಿಮಗೆ ಗೊತ್ತಲ್ಲ, ಪೈಪು ಕಟ್ಟಿದ ಹಾಗೆ."
ಗೊತ್ತು ಸಾರ್. ನಾನಾದರೆ ರಸ್ತೆ ಅಗೆದು
ಮೂರಡಿ ಕತ್ತರಿಸಿ ಹೊಸದು ಕೂರಿಸುತ್ತೇನೆ.
ಮಾಯುವುದೇ ಕಾಯಿಲೆಯಾದರೆ
ಎಲ್ಲಿ ಗುಂಡಿ ತೆಗೆಯಲಿ?

ಮೊದಲ ಸಲ ತಂತಿ ದಾಟಲಿಲ್ಲ.
ಪಕ್ಕೆಯಿಂದ ನಳಿಗೆ, ನಳಿಗೆಗೆ ಚೀಲ,
ಚೀಲದಲ್ಲಿ ಕಡುಹಸಿರು ಪಿತ್ತ. ದಿನಕ್ಕಿಷ್ಟೆಂದು ಬರೆದಿಡಬೇಕು;
ನೀರಿನ ಬಿಲ್ಲುಗಳ ಹಿಂದೆ ಬರೆದೆ, ೧೮೦, ೨೧೦, ೧೬೫.
ಸಿಟ್ಟಿನವರಿಗೆ ಪಿತ್ತ ನೆತ್ತಿಗೇರುತ್ತದಂತೆ.
ಇವಳದು ಸೊಂಟದಲ್ಲಿ ತೂಗುತ್ತಿತ್ತು.
ಸುನಂದೆ ಹಳೆಯ ರವಿಕೆಯಲ್ಲಿ ಅದಕ್ಕೊಂದು ಸಂಚಿ ಹೊಲಿದಳು,
ಸಂಚಿಗೆ ಎರಡು ಗುಂಡಿಯ ಕಣ್ಣು.
ಹೆಸರು ಕಪ್ಪೆ.

ಎರಡನೇ ಸಲ, ಆಗುಂಬೆಯ ತಿರುವಿನಲ್ಲಿ
ವಾಂತಿಯ ಕವರು ಹಿಡಿದುಕೊಂಡೇ ಕೇಳಿದಳು:
"ಬಲೂನು ಯಾವ ಬಣ್ಣ?"
ರೀಫಿಲ್ಲಿನಷ್ಟು ತೆಳು, ಉಬ್ಬಿದರೆ ಪೆನ್ಸಿಲು,
ಗಾಳಿಯಲ್ಲ ಮಗಾ, ಔಷಧದ ನೀರು ತುಂಬುತ್ತಾರೆ. ಬಣ್ಣವಿಲ್ಲ.
"ಥೂ," ಎಂದು ಕಪ್ಪೆಗೆ ಹೇಳಿದಳು, "ಬಣ್ಣಾನೇ ಇಲ್ವಂತೆ."

ದಾಟಿತು.
ಬಿಗಿದ ಜಾಗದಲ್ಲಿ ಬಲೂನಿನ ನಡು ಸಣ್ಣಗಾಗಿ
ತಡೆದು, ತಡೆದು, ಬಿಟ್ಟುಕೊಟ್ಟದ್ದನ್ನು ಪರದೆಯಲ್ಲಿ ತೋರಿಸಿದರು.
ಪೂರ್ತಿ ಅಲ್ಲ. ಇನ್ನೂ ಮೂರೋ ನಾಲ್ಕೋ ಸಲ.
ಆರು ತಿಂಗಳು ನಳಿಗೆ ಅಲ್ಲೇ.
"ಮನೆಗೆ ಹೋಗಿ ನಲ್ಲಿ ಮುಚ್ಚಿ ನೋಡಿ.
ಒಳಗೆ ಹರಿದರೆ ಹರಿಯಲಿ. ಜ್ವರ ಬಂದರೆ ತೆರೆದು, ಫೋನ್ ಮಾಡಿ."

ಇಪ್ಪತ್ತೆರಡು ವರ್ಷ ಊರಿಗೆ ನೀರು ಬಿಟ್ಟವನು.
ಮುಚ್ಚಿದ್ದಕ್ಕೆ ಬೈಸಿಕೊಂಡಿದ್ದೇನೆ, ಒಮ್ಮೆ ಕಾಲರ್ ಹಿಡಿಸಿಕೊಂಡಿದ್ದೇನೆ.
ಆ ರಾತ್ರಿ ಉಗುರಿನಷ್ಟು ನೀಲಿ ನಲ್ಲಿಯನ್ನು
ಕಾಲು ಸುತ್ತು ತಿರುಗಿಸಿ
ಥರ್ಮಾಮೀಟರ್ ಹಿಡಿದು ಕೂತೆ.
೯೮.೪. ೯೮.೮.
ಎರಡು ಗಂಟೆಗೆ ೯೯.೪. ಸುನಂದೆ ಎದ್ದು ಕೂತಳು,
ತನ್ನ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು.
ಮತ್ತೆ ೯೮.೬.
ಸೀಗೆಹಟ್ಟಿಗೆ ಅವತ್ತು ನೀರು ತಡವಾಯಿತು. ಕ್ಷಮಿಸಿ.

ಮೂರನೆಯ ಬೆಳಗ್ಗೆ ಕಕ್ಕಸಿನಿಂದ ಕೂಗು:
"ಅಪ್ಪಾ! ಬಣ್ಣ ಬಂದಿದೆ!"
ಮೂವರೂ ಬಗ್ಗಿ ನೋಡಿದೆವು.
ಸಾಸಿವೆ ಅರೆದಂಥ ಬಣ್ಣ.
ನಾನು ಚೊಂಬು ಎತ್ತಿದೆ.
"ತಡಿ," ಎಂದಳು ಸುನಂದೆ, "ಸ್ವಲ್ಪ ಹೊತ್ತು ಇರಲಿ."
ಹೋಗಿ ಜುಲೇಖಾಬಿಯನ್ನೂ ಕರೆತಂದಳು.
ಆಕೆ ಸೆರಗು ಮೂಗಿಗೆ ಹಿಡಿದು, ಕಣ್ಣೊರೆಸಿಕೊಂಡು
ಬೇರಿನ ಗುಣ, ಅಂದಳು.
ಹೌದೆಂದೆವು.